ಐಸ್ ಪ್ಲಾಂಟಿನಲ್ಲಿ ಬಸುರಿಯ ಮೂಗು

ಮೂರು ವರ್ಷದ ಹಿಂದಿನ ಆಗಸ್ಟ್ ತಿಂಗಳು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದಿದ್ದವು. ನಾನು ದಿನಾ ಮಾವಳ್ಳಿಯಿಂದ ಬಸ್ಸು ಹಿಡಿದು ಹೊನ್ನಾವರದ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಐಟಿಐ ಕಲಿತವಳು, ಮೀನಿಗೆ ಹಾಕುವ ಐಸ್ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಆ ಯಂತ್ರಗಳ ಪೈಪುಗಳಲ್ಲಿ ಓಡಾಡುವುದು ಅಮೋನಿಯಾ. ಪೈಪಿನೊಳಗಿದ್ದರೆ ಅದು ಸಾಧು ಪ್ರಾಣಿ, ನೀರನ್ನು ಗಡ್ಡೆ ಕಟ್ಟಿಸುತ್ತದೆ. ಹೊರಗೆ ಬಂದರೆ ಕಣ್ಣನ್ನೂ ಎದೆಯನ್ನೂ ಸುಡುತ್ತದೆ.

ಆಗ ನನಗೆ ಎರಡನೇ ತಿಂಗಳು. ಮದುವೆಯಾಗಿ ಬಹಳ ಕಾಲದ ಮೇಲೆ ನಿಂತ ಬಸಿರು. ಕುಮಟೆಯ ಡಾಕ್ಟರಮ್ಮ, "ಆ ಗ್ಯಾಸಿನ ಹತ್ತಿರ ಸುಳಿಯಬೇಡಿ" ಎಂದು ಕಟ್ಟಪ್ಪಣೆ ಮಾಡಿದ್ದರು. ಅತ್ತೆಯವರದು ಇನ್ನೊಂದು ಕಟ್ಟಪ್ಪಣೆ. ಮೂರು ತಿಂಗಳು ತುಂಬುವವರೆಗೆ ಸುದ್ದಿ ಹೊಸಿಲು ದಾಟಕೂಡದು, ದೃಷ್ಟಿ ತಾಗುತ್ತದೆ. ಗ್ಯಾಸಿನಿಂದ ದೂರ ಇರಬೇಕು, ಆದರೆ ಯಾಕೆಂದು ಯಾರಿಗೂ ಹೇಳಬಾರದು. ಹೀಗೆ ನಾನು ಏಕಕಾಲಕ್ಕೆ ಎರಡು ಸರ್ಕಾರಗಳ ಪ್ರಜೆಯಾದೆ. ಸೊಂಟನೋವು, ತಲೆಸುತ್ತು, ಪಿತ್ತ ಎಂದು ದಿನಕ್ಕೊಂದು ಕಾಯಿಲೆಯನ್ನು ಸೃಷ್ಟಿಸಿ ಕಂಪ್ರೆಸರ್ ಕೋಣೆಯಿಂದ ಆದಷ್ಟು ತಪ್ಪಿಸಿಕೊಳ್ಳುತ್ತಿದ್ದೆ.

ಇದರ ನಡುವೆ ನನ್ನ ಮೂಗು ನನ್ನ ಆಡಳಿತವನ್ನು ಧಿಕ್ಕರಿಸಿ ಸ್ವತಂತ್ರವಾಯಿತು. ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಎಲೆಯಡಿಕೆ ಬಾಯಿಗಿಟ್ಟರೆ ಮುಂದೆ ಕುಳಿತ ನಾನು ಮೂಗು ಮುಚ್ಚಿಕೊಳ್ಳುತ್ತಿದ್ದೆ. ಅತ್ತೆ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಒಳಗಿನ ಹಿಟ್ಟು ಹಳತಾಗಿದೆಯೆಂದು ತೀರ್ಪು ಕೊಡುತ್ತಿದ್ದೆ.

ಒಂದು ಬೆಳಿಗ್ಗೆ ಪ್ಲಾಂಟಿನ ಗೇಟು ದಾಟುತ್ತಿದ್ದಂತೆ ಮೂಗಿಗೆ ಸೂಜಿ ಚುಚ್ಚಿದಂತಾಯಿತು. ಅಮೋನಿಯಾ. ಅದೂ ಕಂಪ್ರೆಸರ್ ಕೋಣೆಯ ಕಡೆಯಿಂದಲ್ಲ, ಅಂಗಳದಿಂದ. ಅಲ್ಲಿ ಗೋಡೆಯ ಮೇಲೆ ಹಾದುಹೋದ ಪೈಪಿನ ಕೆಳಗೆ ಒಂದು ಕಲ್ಲುಬೆಂಚು. ಐಸ್ ಹೊರುವ ಗಂಡಸರು ಅದರ ಮೇಲೆ ಚಾ ಕುಡಿಯುತ್ತಿದ್ದರು. ಮೀನು ಮಾರುವ ಹೆಂಗಸರು ಪಕ್ಕದಲ್ಲೇ ಬುಟ್ಟಿಗೆ ಐಸ್ ತುಂಬಿಸಿಕೊಳ್ಳುತ್ತಿದ್ದರು.

ನಮ್ಮ ಹಿರಿಯ ಆಪರೇಟರ್ ದೇವಣ್ಣನಿಗೆ ಹೇಳಿದೆ. ಆ ಅನಿಲದ ಜೊತೆಗೇ ತಲೆ ಹಣ್ಣಾಗಿಸಿಕೊಂಡ ಅವರು ಎರಡು ಸಲ ಮೂಸಿದರು.

"ಎಂತ ತಂಗಿ, ಐಸ್ ಪ್ಲಾಂಟಿನಲ್ಲಿ ಅಮೋನಿಯಾ ನಾರದೆ ಸುರಗಿ ಹೂವು ಘಮ್ ಅಂತದ್ಯಾ?"

"ಇದು ದಿನದ ವಾಸನೆ ಅಲ್ಲ ದೇವಣ್ಣ. ಆ ಬೆಂಚಿನ ಮೇಲಿಂದ ಬತ್ತದೆ. ಎಲ್ಲರನ್ನೂ ಏಳ್ಸಿ."

ಬೆಂಚಿನಿಂದ ಒಬ್ಬ, "ಅಕ್ಕನ ಮೂಗಿಗೆ ಬೇರೆ ಪಗಾರ ಕೊಡೂಕಾತು" ಎಂದ. ಎಲ್ಲರೂ ನಕ್ಕರು. ಯಾರೂ ಏಳಲಿಲ್ಲ.

ಅವರನ್ನು ಬಿಟ್ಟು ನಾನೊಬ್ಬಳೇ ಗೇಟಿನ ಹೊರಗೆ ಹೋಗಿ ನಿಲ್ಲಬಹುದಿತ್ತು. ಡಾಕ್ಟರಮ್ಮನ ಅಪ್ಪಣೆಯೂ ಅದೇ. ಹೋಗಲು ಮನಸ್ಸಾಗಲಿಲ್ಲ. ಕೊನೆಗೆ ಬಾಯಿ ಬಿಟ್ಟೆ.

"ನಂಗೆ ಎರಡನೇ ತಿಂಗಳು ದೇವಣ್ಣ. ನಿಮಗೆ ಯಾರಿಗೂ ಬಾರದ ವಾಸನೆ ನಂಗೆ ಬತ್ತದೆ."

ದೇವಣ್ಣ ನಾಚಿಕೊಂಡು ನೆಲ ನೋಡಿದರು. ಆದರೆ ಬುಟ್ಟಿ ತುಂಬಿಸುತ್ತಿದ್ದ ಮಾಸ್ತಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಬಸ್ರಿ ಮೂಗಾ! ಏಳ್ರೋ, ಎಲ್ಲರೂ ಏಳಿ! ನಾನು ನಮ್ಮ ಮೂರನೆಯವನನ್ನು ಹೊತ್ತಾಗ ನೆರೆಮನೆ ಅನ್ನ ತಳ ಹತ್ತುವ ಮುಂಚೆ ಕೂಗಿ ಹೇಳ್ದವಳು. ಬಸ್ರಿ ಮೂಗಿಗೆ ಎದುರು ಮಾತಾಡ್ತ್ರಾ?"

"ಚಾ ಮುಗಿಸ್ತೆ ಮಾರಾಯ್ತಿ..."

"ಚಾ ಅಲ್ಲೇ ಇಡು, ಜೀವ ತಕಂಡು ಬಾ!"

ಉಳಿದ ಹೆಂಗಸರು ಬುಟ್ಟಿ ಬಿಟ್ಟು ಗಂಡಸರನ್ನು ಅಂಗಿ ಹಿಡಿದೇ ಎಬ್ಬಿಸಿದರು. ಮಾಸ್ತಮ್ಮ ನನ್ನ ರಟ್ಟೆ ಹಿಡಿದು, "ಗಾಳಿ ಕಡಲಿಂದ ಬತ್ತದೆ, ಕಡಲ ಬದಿಗೇ ನಡಿ" ಎಂದು ಎಳೆದೊಯ್ದಳು. ಯಂತ್ರಶಾಸ್ತ್ರ ಓದಿದ್ದು ನಾನು. ಆ ಕ್ಷಣದಲ್ಲಿ ಅಳು ಬಿಟ್ಟರೆ ನನಗೆ ಬೇರೇನೂ ಹೊಳೆಯುತ್ತಿರಲಿಲ್ಲ.

ಸೋರಿಕೆ ಹುಡುಕಲು ಗಂಧಕದ ಕಡ್ಡಿ ಹಚ್ಚುವುದು ನಮ್ಮಲ್ಲಿನ ಕ್ರಮ. ಅದರ ಹೊಗೆಗೆ ಅಮೋನಿಯಾ ತಾಗಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಜಗಳ ಮುಗಿಯಲಿ ಎಂದು ದೇವಣ್ಣ ಕಡ್ಡಿ ಹಚ್ಚಿ ಪೈಪಿನುದ್ದಕ್ಕೂ ಹಿಡಿಯುತ್ತ ಬಂದರು. ಏನೂ ಇಲ್ಲ, ಏನೂ ಇಲ್ಲ. ಬೆಂಚಿನ ನೇರಕ್ಕೆ, ವಾಲ್ವಿನ ಬುಡದಲ್ಲಿ, ಬಿಳಿ ನೂಲಿನಂಥದ್ದು ಎದ್ದಿತು. ದೇವಣ್ಣನ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಹೆಗಲ ಮೇಲಿದ್ದ ಬೈರಾಸು ನೀರಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡು ಮುಖ್ಯ ವಾಲ್ವ್ ಮುಚ್ಚಲು ಒಳಗೆ ಓಡಿದರು.

ಅವರು ಮುಚ್ಚಿ ಮುಗಿಸುವಷ್ಟರಲ್ಲಿ ಹೊರಗಿನ ವಾಲ್ವಿನ ಸಂದು ಮುಚ್ಚುವ ಪ್ಯಾಕಿಂಗ್ ಕಿತ್ತುಹೋಯಿತು. ನೂರು ಹಾವು ಒಟ್ಟಿಗೆ ಬುಸುಗುಟ್ಟಿದ ಹಾಗೆ ಶಬ್ದ. ಬಿಳಿ ಮೋಡವೊಂದು ಗೋಡೆಯಿಂದಿಳಿದು ಬೆಂಚನ್ನೂ, ಬುಟ್ಟಿಗಳನ್ನೂ, ಅರ್ಧ ಕುಡಿದ ಚಾ ಗ್ಲಾಸುಗಳನ್ನೂ ನುಂಗಿತು. ನಾವು ಕಡಲ ಬದಿಯಲ್ಲಿ ನಿಂತು ನೋಡಿದೆವು. ಪಗಾರದ ಮಾತಾಡಿದವನು ನನ್ನ ಕಡೆ ತಿರುಗಿ, ದೇವರ ಮುಂದೆ ನಿಂತವನಂತೆ, ಕೈ ಮುಗಿದ. ಹೆಂಗಸರು ನನ್ನ ಸುತ್ತ ಕೋಟೆ ಕಟ್ಟಿದಂತೆ ನಿಂತಿದ್ದರು.

ದೇವಣ್ಣ ಕೆಂಪುಕಣ್ಣು, ಕೆಮ್ಮಿನೊಂದಿಗೆ ಹೊರಬಂದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಸುಧಾರಿಸಿಕೊಂಡರು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಮೀನಿನ ಬುಟ್ಟಿಗಳ ಜೊತೆ ಸುದ್ದಿ ನನಗಿಂತ ಮುಂಚೆ ಮಾವಳ್ಳಿ ತಲುಪಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಮೂರು ತಿಂಗಳು ತುಂಬ್ಲಿಲ್ಲ, ಇಡೀ ಬಂದರಕ್ಕೆ ಸಾರಿ ಬಂದ್ಯಾ?"

"ಹೌದು ಅತ್ತೆ."

ಅವರು ನನ್ನ ಹೊಟ್ಟೆಯನ್ನು ನೋಡಿದರು. "ಆತು. ಇಷ್ಟು ಜನರ ಬಾಯಲ್ಲಿ ದೃಷ್ಟಿ ಅಲ್ಲ, ಒಳ್ಳೆ ಹರಕೆಯೇ ಬಂದಿರ್ತದೆ. ಒಳಗೆ ಬಾ" ಎಂದರು. ಮರುದಿನ ಅವರೇ ನನ್ನ ಜೊತೆ ಬಂದು ಪ್ಲಾಂಟಿನ ಧಣಿಯ ಮುಂದೆ ಕುಳಿತು, ಹೆರಿಗೆಯಾಗುವವರೆಗೆ ನನ್ನನ್ನು ಅನಿಲದ ಗಾಳಿ ಸುಳಿಯದ ಐಸಿನ ಚೀಟಿ ಹರಿಯುವ ಕೌಂಟರಿಗೆ ಹಾಕಿಸಿದರು.

ಮಗಳು ಹುಟ್ಟಿ ಜೋರಾಗಿ ಅತ್ತಾಗಲೇ ನನಗೂ ಪೂರ್ತಿ ಉಸಿರು ಬಂದದ್ದು. ಅಲ್ಲಿಯವರೆಗೆ, ಗ್ಯಾಸು ಮಗುವಿಗೂ ತಾಗಿತೋ ಏನೋ ಎಂದು, ಪ್ರತಿ ತಿಂಗಳೂ ಡಾಕ್ಟರಮ್ಮನ ಮುಖವನ್ನೇ ಓದುತ್ತಿದ್ದೆ.

ಆ ಮೂಗು ಮಾತ್ರ ನಾಲ್ಕನೇ ತಿಂಗಳಿಗೇ ಹೇಳದೆ ಕೇಳದೆ ಹೊರಟುಹೋಗಿತ್ತು. ಈಗ ಮತ್ತೆ ಅದೇ ಪ್ಲಾಂಟಿನಲ್ಲಿದ್ದೇನೆ. ಗೇಟಿನಲ್ಲಿ ನಿಂತು ಎಷ್ಟು ಮೂಸಿದರೂ ನನಗೂ ಎಲ್ಲರಷ್ಟೇ ವಾಸನೆ. ಅಂದು ಅಂಗಳದಲ್ಲಿದ್ದ ಅಷ್ಟೂ ಜನರಲ್ಲಿ ಎಚ್ಚರವಾಗಿದ್ದದ್ದು, ನನ್ನೊಳಗಿದ್ದ, ಇನ್ನೂ ಸ್ವಂತ ಮೂಗೂ ಮೂಡಿರದ ಒಂದು ಜೀವ.