ಒದ್ದೆ ಸೀರೆಯೂ ಡ್ರಿಲ್ ಮಿಶಿನ್ನೂ

ತಲೆ ಬೋಳಿಸಿಕೊಂಡ ವಿಧವೆಯನ್ನು ಕಂಡು ಹೊಟ್ಟೆಕಿಚ್ಚು ಪಟ್ಟವರು ಯಾರಾದರೂ ಇದ್ದಾರೆಯೆ? ನಾನು ಪಟ್ಟಿದ್ದೇನೆ. ಫ್ರಾಂಕ್ ಆಗಿ ಹೇಳಬೇಕೆಂದರೆ, ಹಲ್ಲೆಲ್ಲ ಉದುರಿಹೋದ ಈ ವಯಸ್ಸಿನಲ್ಲೂ ಪಕ್ಕದ ಮನೆಯವರು ಗೋಡೆಗೆ ಡ್ರಿಲ್ ಹಿಡಿದು ಗುರ್ರ್ ಎನ್ನಿಸಿದರೆ ಸಾಕು, ಆ ಹಳೆಯ ಕಿಚ್ಚು ಹೊಟ್ಟೆಯೊಳಗೆ ಎದ್ದು ಕೂರುತ್ತದೆ.

ಆಕೆ ನನ್ನ ಅತ್ತೆ, ಅಪ್ಪಯ್ಯನ ತಂಗಿ. ಬೈಂದೂರಿಗೆ ಮದುವೆಯಾಗಿ ಹೋದವಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ವಿಧವೆಯ ಕೆಂಪು ಸೀರೆಯುಟ್ಟು ಕುಂದಾಪುರದ ನಮ್ಮ ಮನೆಗೆ ವಾಪಸು ಬಂದಿದ್ದಳು. ನಾನಾಗ ಪುಟ್ಟ ಹುಡುಗಿ. ಅಂದಿನಿಂದ ಅವಳ ಜಾಗ ಅಡುಗೆಮನೆ. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಮಿಂದು, ಹಿಂಡಿದ ಒದ್ದೆ ಸೀರೆಯಲ್ಲೇ ಒಳಗೆ ಬಂದು ಅಜ್ಜಿಗೆ ಮಡಿಯಲ್ಲಿ ಅಡುಗೆ ಮಾಡಬೇಕು. ಅಜ್ಜಿಯೂ ಕೆಂಪು ಸೀರೆಯವಳೇ, ಕಣ್ಣು ಮಂಜು. ಮಡಿಯಲ್ಲಿ ಬೇಯಿಸಿದ್ದಲ್ಲದೆ ಬೇರೆ ಅಗುಳು ಅವಳ ಬಾಯಿಗೆ ಹೋಗುತ್ತಿರಲಿಲ್ಲ.

ನಾನೋ, ಈ ಕತೆ ನಡೆಯುವ ಹೊತ್ತಿಗೆ ಮಂಗಳೂರಿನ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದು ಓದಿ ಬಂದವಳು. ತೊಡೆಯವರೆಗೆ ಜಡೆ. ಬಾಯಿ ತೆಗೆದರೆ ಇಂಗ್ಲಿಷು. ಮನೆಯಲ್ಲಿ ನನ್ನನ್ನು ಯಾರೊಡನೆಯಾದರೂ ಹೋಲಿಸಬಹುದು ಎಂಬ ಕಲ್ಪನೆಯೇ ನನಗಿರಲಿಲ್ಲ. ಅದರಲ್ಲೂ ಅತ್ತೆಯೊಡನೆ!

ಅಪ್ಪಯ್ಯನಿಗೆ ಮನೆಯ ಎದುರಲ್ಲೇ ಬಸ್ಸಿನ ಬಾಡಿ ಕಟ್ಟುವ ಶೆಡ್ಡು ಇತ್ತು. ಆಗ ಹೊಳೆಗಳಿಗೆ ಸೇತುವೆಯಿಲ್ಲ. ಹೊಳೆಯ ಈಚೆ ಒಂದು ಬಸ್ಸು, ಆಚೆ ಇನ್ನೊಂದು, ನಡುವೆ ದೋಣಿ. ಹೀಗಾಗಿ ಬಸ್ಸುಗಳು ಊರಿಗೆ ತಕ್ಕುದಕ್ಕಿಂತ ಜಾಸ್ತಿ, ಅಪ್ಪಯ್ಯನಿಗೆ ಕೆಲಸವೂ ಜಾಸ್ತಿ. ಊರಿಗೆ ಕರೆಂಟು ಬಂದಿರಲಿಲ್ಲ. ಅಪ್ಪಯ್ಯ ಮಾತ್ರ ಆಯಿಲ್ ಇಂಜಿನ್ನಿಗೆ ಡೈನಮೋ ಕಟ್ಟಿ ಶೆಡ್ಡಿನಲ್ಲಿ ಒಂದೆರಡು ಬಲ್ಬು ಉರಿಸುತ್ತಿದ್ದರು.

ಎರಡನೆಯ ಮಹಾಯುದ್ಧ ಮುಗಿದಿತ್ತು. ಬೊಂಬಾಯಿಯಲ್ಲಿ ಮಿಲಿಟರಿಯವರು ಬಿಟ್ಟುಹೋದ ಸಾಮಾನು ಹರಾಜಾಗುತ್ತಿದೆ ಎಂದು ಕೇಳಿ ಅಪ್ಪಯ್ಯ ಹೋಗಿ ಒಂದು ಮರದ ಪೆಟ್ಟಿಗೆ ತಂದರು. ಅದರೊಳಗೆ ಪಿಸ್ತೂಲಿನ ಆಕಾರದ, ಎತ್ತಿದರೆ ಮಣಿಕಟ್ಟು ಜಗ್ಗುವಷ್ಟು ಭಾರದ, ಬೂದು ಬಣ್ಣದ ಯಂತ್ರ. ಇಲೆಕ್ಟ್ರಿಕ್ ಡ್ರಿಲ್. ಕುದುರೆ ಕಂಡವರಿಗೆ ಏರಬೇಕೆನಿಸುವಂತಹ ಒಂದು ಆಸೆ ನನಗೆ ಅದನ್ನು ನೋಡಿದಾಕ್ಷಣ ಹುಟ್ಟಿತು. ನಾನು ಅದನ್ನು ಓಡಿಸಬೇಕು.

ಮೊದಲು ಓಡಿಸಿದ್ದು ಶೆಡ್ಡಿನ ಆಚಾರಿ. ಬೈರಿಗೆ ಹಿಡಿದರೆ ಬೀಟೆ ಮರವೂ ಬೆಣ್ಣೆಯಾಗುತ್ತಿದ್ದ ಕೈ ಅವನದು. ಹೆಗಲ ಮೇಲೆ ಎಂದಿನಂತೆ ಬೈರಾಸು ಹಾಕಿಕೊಂಡೇ ಬಗ್ಗಿದ. ತಿರುಗುವ ಕೊರೆಯುವ ಮೊಳೆ ಬೈರಾಸಿನ ತುದಿ ಕಚ್ಚಿತು, ಬಟ್ಟೆಯನ್ನೆಲ್ಲ ಸುತ್ತಿಕೊಂಡು ಮೇಲಕ್ಕೆ ಹಾರಿ ಅವನ ದವಡೆಗೆ ಬಡಿಯಿತು. ಎರಡು ದಿನ ಗಂಜಿತಿಳಿ ಕುಡಿದವನು ಮೂರನೆಯ ದಿನ ಬಂದು ಬಾಗಿಲಲ್ಲೇ ನಿಂತ.

"ಹ್ವಾಯ್, ಆ ಭೂತದ ಸಾವಾಸ ನಂಗ್ ಬ್ಯಾಡ. ನಂಗೆ ನನ್ ಬೈರಿಗಿಯೇ ಸಾಕ್."

"ಅಷ್ಟ್ ಸೀಟಿನ ಪಟ್ಟಿಗೆ ತೂತ್ ಹಾಕುದ್ ಯಾರ್ ಮಾರಾಯಾ?" ಅಪ್ಪಯ್ಯ ಕೇಳಿದರು.

"ಬ್ಯಾರೆ ಯಾರನ್ನಾರೂ ಕಾಣಿ. ಹಲ್ ಹೋರೆ ಮತ್ ಹುಟ್ಟುದಿಲ್ಲೆ ನಂಗೆ."

ಬಸ್ಸಿನ ಸೀಟಿಗೆ ಹಗ್ಗ ಹೆಣೆಯಲು ಮರದ ಪಟ್ಟಿಗಳಿಗೆ ಸಾಲು ಸಾಲು ತೂತು ಬೇಕಿತ್ತು. ಕೆಲಸದ ಗಂಡಸರು ಹೆಚ್ಚಿನವರು ಬೊಂಬಾಯಿ ಸೇರಿದ್ದರು. ಅಪ್ಪಯ್ಯ ಇಂಜಿನ್ನಿನ ಹತ್ತಿರವೇ ನಿಲ್ಲಬೇಕು, ಇಲ್ಲದಿದ್ದರೆ ಬೆಲ್ಟು ಜಾರುತ್ತದೆ. ಕೊನೆಗೆ ಅವರು ಶೆಡ್ಡಿನಿಂದ ಮನೆಯ ಹಿಂಬದಿ ಜಗಲಿಗೆ ಉದ್ದನೆಯ ವಯರು ಎಳೆದು, ಪೆಟ್ಟಿಗೆಯನ್ನು ಅಲ್ಲಿ ತಂದಿಟ್ಟು, "ಮನಿಯವ್ರೇ ಯಾರಾರೂ ಮಾಡ್ಕ್," ಎಂದರು.

"ನಾನು!" ಎಂದೆ.

"ಮೊದ್ಲ್ ಮುಚ್ಚಳದಂಗ್ ಎಂತ ಬರ್ದಿತ್ತ್, ಓದ್ ಕಾಂಬ."

ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಇಂಗ್ಲಿಷಿನಲ್ಲಿ ಅಚ್ಚುಮಾಡಿದ ಹಾಳೆ ಅಂಟಿಸಿತ್ತು. ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಎಲೊಕ್ಯೂಷನ್ ಕಾಂಪಿಟಿಷನ್ನಿಗೆ ನಿಂತ ಹಾಗೆ ನೆಟ್ಟಗೆ ನಿಂತು, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳತೊಡಗಿದೆ. ಕೊರೆಯುವ ಮೊಳೆ ಬದಲಿಸುವ ಮುಂಚೆ ವಯರು ಕಳಚಬೇಕು. ಮರವನ್ನು ಕೈಯಲ್ಲಿ ಹಿಡಿಯದೆ ಬಿಗಿದು ಕಟ್ಟಬೇಕು. ಪೂರ್ತಿ ನಿಂತ ಮೇಲೆಯೇ ಯಂತ್ರವನ್ನು ಕೆಳಗಿಡಬೇಕು. ಡ್ಯಾಂಪ್ ಇರುವಲ್ಲಿ, ಅಂದರೆ ತೇವದಲ್ಲಿ, ಮುಟ್ಟಲೇ ಕೂಡದು. ಆಮೇಲಿನ ಸಾಲಿಗೆ ಬಂದಾಗ ನನ್ನ ಸ್ವರ ತಾನಾಗಿಯೇ ಸಣ್ಣದಾಯಿತು. ಬಳೆ, ಉಂಗುರ, ಸರ ಇರಬಾರದು. ಜೋಲುವ ಬಟ್ಟೆ ಇರಬಾರದು. ಉದ್ದ ಕೂದಲು ಇರಬಾರದು.

ಅಪ್ಪಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗಾಜಿನ ಬಳೆ, ಕೊರಳ ಸರ, ದಾವಣಿಯ ಸೆರಗು, ಜಡೆ.

"ಎಲ್ಲಾ ತೆಗ್ದಿಡ್ತೆ ಅಪ್ಪಯ್ಯ. ಜಡೆ ತುರುಬು ಕಟ್ಟಿ ಬಟ್ಟೆ ಸುತ್ತಿಕೊಳ್ತೆ."

ಬ್ರಹ್ಮಾವರದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಒಳಗಿನಿಂದ ಅಜ್ಜಿ ಗುಡುಗಿದಳು. "ಬಳಿ ತೆಗಿತ್ಲಂಬ್ರ್! ಬ್ರಹ್ಮಾವರದವ್ರ್ ಹೆಣ್ ಕಾಂಬುಕೆ ಬಪ್ಪತಿಗೆ ಕೈ ಬೋಳ್ ಮಾಡ್ಕಂಡ್ ಕೂಕಣ್ತ್ಯಾ? ಕಾನ್ವೆಂಟಂಗ್ ಇದನ್ನೇ ಕಲ್ಸದ್ದಾ ನಿಂಗೆ?"

ಅಮ್ಮನ ಕಂಕುಳಲ್ಲಿ ಕೂಸು, ಕೊರಳಲ್ಲಿ ತಾಳಿ. ಅವಳಿಂದ ಆಗುವ ಕೆಲಸವಲ್ಲ. ಆಗ ಅಡುಗೆಮನೆಯ ಬಾಗಿಲಿನಿಂದ ಅತ್ತೆಯ ಸ್ವರ ಬಂತು. ಕೈಯಲ್ಲಿ ಅನ್ನದ ಸಟ್ಟುಗ ಹಾಗೇ ಇತ್ತು, ತಲೆಯ ಮೇಲಿಂದ ಹೊದ್ದ ಸೆರಗಿನ ತುದಿ ಸೊಂಟಕ್ಕೆ ಬಿಗಿದಿತ್ತು.

"ಅಣ್ಣಯ್ಯ, ನಂಗೆ ಅದ್ರಂಗ್ ಹೇಳದ್ದ್ ಒಂದೂ ಇಲ್ಲೆ ಅಲ್ದಾ?"

ಅವಳು ಸೆರಗಿನ ಮೇಲಿಂದ ನೆತ್ತಿ ಸವರಿಕೊಂಡು ನಕ್ಕಳು. "ನನ್ ಜಡಿ ಅಂತೂ ಮಿಶಿನಿಗೆ ಸಿಕ್ಕುದಿಲ್ಲೆ. ಹೆದ್ರಿಕಿಯೇ ಇಲ್ಲೆ."

ಅಪ್ಪಯ್ಯ ಡ್ರಿಲ್ಲನ್ನು ಎತ್ತಿ, ನನ್ನ ಮುಂದಿನಿಂದಲೇ ದಾಟಿಸಿ, ಜಗಲಿಯಲ್ಲಿ ಅವಳ ಎದುರಿಗಿಟ್ಟರು. ನನ್ನ ಓದಿನಿಂದಲೇ ಅದು ನನ್ನ ಕೈ ತಪ್ಪಿತು. ಓದದೆ ಇದ್ದಿದ್ದರೆ? ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಜೋರಾಗಿ ಓದುವುದರಲ್ಲಿ ನನಗಿದ್ದ ವ್ಯಾನಿಟಿ ಅಷ್ಟಿಷ್ಟಲ್ಲ.

ಮಡಿಯ ಪ್ರಶ್ನೆ ಬಂತು. ಅತ್ತೆ ಅಡುಗೆಯ ನಡುವೆ ಎದ್ದು ಬಂದು ಯಂತ್ರ ಮುಟ್ಟಿ ಮತ್ತೆ ಒಲೆಯ ಮುಂದೆ ಹೋಗುವುದು ಹೇಗೆ? ಅಜ್ಜಿಯೇ ತೀರ್ಪು ಕೊಟ್ಟಳು. ಕಬ್ಬಿಣಕ್ಕೆ ಮೈಲಿಗೆ ನಿಲ್ಲುವುದಿಲ್ಲ. ಆದರೆ ಆಚಾರಿ ಮುಟ್ಟಿದ್ದು, ಸೋಲ್ಜರುಗಳು ಮುಟ್ಟಿದ್ದು. ಹಾಗಾಗಿ ಮೇಲೆ ನೀರು ಚಿಮುಕಿಸಿಯೇ ಮುಟ್ಟಬೇಕು. "ನೀರ್ ತಳ್ದ್ ಮುಟ್ಕ್." ಅಪ್ಪಯ್ಯ ಆ ಹೊತ್ತಿಗೆ ಇಂಜಿನ್ನಿನ ಹತ್ತಿರ ಹೋಗಿಯಾಗಿತ್ತು. ಅವರ ಕಿವಿಗೆ ಅದು ಬೀಳಲಿಲ್ಲ.

ಅತ್ತೆ ಮರುದಿನದಿಂದ ಶುರುಮಾಡಿದಳು. ನನಗೆ ಕೊಟ್ಟ ಕೆಲಸ ಮರದ ಹುಡಿ ಗುಡಿಸುವುದು! ಗುಡಿಸುತ್ತ ನೋಡುತ್ತಿದ್ದೆ. ಅವಳು ಪಟ್ಟಿಯನ್ನು ಎರಡು ಗೂಟದ ನಡುವೆ ಬೆಣೆ ಹೊಡೆದು ಬಿಗಿಯುತ್ತಿದ್ದಳು. ತೂತು ಬೀಳಬೇಕಾದಲ್ಲಿ ಮೊಳೆಯಿಂದ ಚುಕ್ಕೆ ಕುಟ್ಟಿ ಗುರುತು ಮಾಡುತ್ತಿದ್ದಳು, ಯಂತ್ರ ಜಾರದ ಹಾಗೆ. ಎರಡೂ ಕೈಯಲ್ಲಿ ಹಿಡಿದು, ಮೈಭಾರ ಹಾಕದೆ, ದೋಸೆ ಕಾವಲಿಯ ಮೇಲೆ ಸಟ್ಟುಗ ಆಡಿಸುವಷ್ಟೇ ಒತ್ತುತ್ತಿದ್ದಳು. ಮುಖವನ್ನು ಒಂದಿಷ್ಟು ಓರೆ ಮಾಡುತ್ತಿದ್ದಳು, ಹುಡಿ ಕಣ್ಣಿಗೆ ಸಿಡಿಯದಂತೆ. ನಾನು ಓದಿ ಹೇಳಿದ ಒಂದೊಂದು ಮಾತೂ ಅವಳ ಕೈಯಲ್ಲಿತ್ತು. ಇದು ನನಗೆ ಸಹಿಸಲಾಗದ ವಿಷಯ.

ಅದಕ್ಕಿಂತ ಕೆಟ್ಟದ್ದು ಅಪ್ಪಯ್ಯನ ಮುಖ. ಮಧ್ಯಾಹ್ನ ಬಂದು ಪಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡುವರು.

"ಕಾಣ್, ಮುತ್ ಪೋಣ್ಸದಂಗ್ ಇತ್ತ್. ಆಚಾರಿಗ್ ಕರ್ದ್ ತೋರ್ಸ್ಕ್."

"ಅವ್ನ ದವ್ಡಿ ಹ್ಯಾಂಗಿತ್ತಂಬ್ರ್?" ಅತ್ತೆ ಕೇಳುವಳು.

"ನೀ ಮಿಶಿನ್ ಹಿಡಿತ್ಯ ಅಂದ್ ಕೇಂಡ್ ಮತ್ ನೋವ್ ಜೋರಾಯ್ತಂಬ್ರ್!"

ಅಣ್ಣ ತಂಗಿ ಹೊಟ್ಟೆ ಹಿಡಿದು ನಗುವರು. ಆ ಮನೆಯಲ್ಲಿ ಅತ್ತೆಯ ನಗುವನ್ನು ನಾನು ಅಷ್ಟು ದೊಡ್ಡದಾಗಿ ಕೇಳಿರಲಿಲ್ಲ. ಕೇಳಿ ಸಂತೋಷಪಡಬೇಕಿತ್ತೋ ಏನೋ. ನನಗೆ ಬಂದದ್ದು ಒಂದೇ ಯೋಚನೆ: ರಿಪೋರ್ಟ್ ಕಾರ್ಡಿನಲ್ಲಿ ಫಸ್ಟ್ ಬಂದಾಗಲೂ ಅಪ್ಪಯ್ಯ ಅದನ್ನು ಬಿಸಿಲಿಗೆ ಹಿಡಿದು ನೋಡಿದವರಲ್ಲ.

ಹೀಗಾಗಿ ಅವಳ ಒಂದು ತಪ್ಪಿಗಾಗಿ ಕಾದೆ. ಕಣ್ಣು ಮಿಟುಕಿಸದೆ ಕಾದೆ. ಜೆಲಸಿಯಲ್ಲಿ ನೋಡುವಷ್ಟು ನಿಗಾ ಇಟ್ಟು ನಾನು ಪಾಠವನ್ನೂ ನೋಡಿದವಳಲ್ಲ. ಒಂದು ಬೆಳಿಗ್ಗೆ ಅವಳು ಎಂದಿನಂತೆ ತಂಬಿಗೆಯಿಂದ ನೀರು ತೆಗೆದು ಯಂತ್ರದ ಮೇಲೆ ತಳಿದಳು. ಕೂತು, ಗುಂಡಿ ಒತ್ತಿ, ಒಂದು ತೂತು ಮುಗಿಸಿ ಕೈ ಕೊಡವಿಕೊಂಡಳು.

"ಎಂತಾಯ್ತ್?" ಎಂದೆ.

"ಎಂತೂ ಇಲ್ಲೆ. ಜುಂ ಅಂತ್ ಕೈ. ನಿನ್ನೆಯೂ ಹಾಂಗೇ, ಕೆಂಜಿಗ ಹರ್ದಂಗೆ. ಮಿಶಿನಿನ್ ಸ್ವಭಾವ ಇರ್ಕ್."

ಆಗ ಕಂಡಿತು. ಮಳೆಬಿಸಿಲಿನ ಸೋಣೆ ತಿಂಗಳು, ಮಡಿಸೀರೆ ಪೂರ್ತಿ ಒಣಗುವ ಕಾಲವಲ್ಲ. ಅವಳ ಸೀರೆಯ ಅಂಚಿನಿಂದ ಸಗಣಿ ಸಾರಿಸಿದ ನೆಲಕ್ಕೆ ತೊಟ್ಟು ತೊಟ್ಟಾಗಿ ನೀರಿಳಿದು ಬರಿಗಾಲ ಸುತ್ತ ಕಪ್ಪಗೆ ಹರಡಿತ್ತು. ಯಂತ್ರದ ಬೆನ್ನಿನ ಮೇಲೆ ಪ್ರೋಕ್ಷಣೆಯ ಹನಿಗಳು. ಡ್ಯಾಂಪ್! ಆ ಶಬ್ದ ಓದಿದ್ದು ನಾನೇ. ಆದರೆ ನಮ್ಮ ಮನೆಯಲ್ಲಿ ಮಡಿ ಎಂದರೆ ಮಡಿ, ಅದು ಒದ್ದೆ ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ಓದಿ ಹೇಳುವಾಗ ನನ್ನ ತಲೆಗೂ. ತೇವ ಎಂದರೆ ಅಂಗಳದ ಕೆಸರು, ಹೊಳೆಯ ಬದಿ, ಅಷ್ಟೇ.

"ಬಿಡಿ ಅತ್ತೆ! ಕೆಳಗಿಡಿ!" ಎಂದು ಕಿರುಚಿ, ವಯರಿನ ಪ್ಲಗ್ಗು ಕಿತ್ತು, ಶೆಡ್ಡಿಗೆ ಓಡಿದೆ. ಓಡುವಾಗ ಹೆದರಿಕೆ ಇತ್ತು, ನಿಜ. ಜೊತೆಗೆ ಪ್ರೈಜ್ ತರಲು ಸ್ಟೇಜಿಗೆ ಓಡುವ ಹುರುಪೂ ಇತ್ತು. ಅತ್ತೆ ರೂಲ್ ಮುರಿದಿದ್ದಾಳೆ. ಕಂಡುಹಿಡಿದವಳು ನಾನು.

ಅಪ್ಪಯ್ಯ ಇಂಜಿನ್ ನಿಲ್ಲಿಸಿ ಬಂದವರು ನೆಲ ಮುಟ್ಟಿ ನೋಡಿದರು, ತಂಬಿಗೆ ನೋಡಿದರು, ತಂಗಿಯ ಅಂಗೈ ಮಗುಚಿ ನೋಡಿದರು. ಅವರ ಮುಖ ಸುಣ್ಣದ ಹಾಗಾಗಿತ್ತು.

"ಸಾಯ್ತಿದ್ಯಲೆ ನೀನ್," ಎಂದರು ಮೆಲ್ಲಗೆ. ಆಮೇಲೆ ಅಜ್ಜಿಗೂ ಕೇಳುವಂತೆ, "ಇನ್ ಒದ್ದಿ ಸೀರಿಯಂಗ್ ಮಿಶಿನ್ ಮುಟ್ಟುಕಾಗ. ನೀರ್ ತಳಿಯುದೂ ಇಲ್ಲೆ. ಮಡಿ ಬೇಕಾರೆ ಮಿಶಿನ್ ಬಿಡ್ಕ್."

ಇನ್ನು ನನ್ನ ಸರದಿ! ಬಟ್ಟೆ ಸುತ್ತಿದ ತುರುಬು, ಬಳೆಯಿಲ್ಲದ ಕೈ, ನನ್ನ ಕೈಯಲ್ಲಿ ಡ್ರಿಲ್, ಎಲ್ಲ ಕಣ್ಣ ಮುಂದೆ ಬಂತು. ಮಡಿ ಬಿಡುವುದು ಅತ್ತೆಯಿಂದ ಸಾಧ್ಯವೇ ಇಲ್ಲ. ಅದನ್ನು ಬಿಟ್ಟರೆ ಆ ಮನೆಯಲ್ಲಿ ಅವಳಿಗಿದ್ದದ್ದಾದರೂ ಏನು?

ಅತ್ತೆ ತನ್ನ ಅಂಗೈ ನೋಡಿಕೊಂಡಳು. "ಹಾಂಗಾರೆ ಮಡಿ ಬಿಡ್ತೆ," ಎಂದಳು.

"ಎಂತಾ?" ಅಜ್ಜಿ ಗೋಡೆ ತಡವುತ್ತ ಎದ್ದು ಬಂದಳು. "ನಂಗ್ ಬೇಯ್ಸಿ ಹಾಕುದ್ ಯಾರ್?"

ಅತ್ತೆ ನನ್ನತ್ತ ತಿರುಗಿದಳು. ಸಿಟ್ಟಿರಲಿಲ್ಲ. ಕಣ್ಣಿನ ಮೂಲೆಯಲ್ಲಿ ನಗು ಇತ್ತು, ಅದನ್ನು ನಾನು ಸತ್ತರೂ ಮರೆಯಲಾರೆ.

"ಇವ್ಳ್ ಮಾಡ್ತ್ಲ್. ಒದ್ದಿ ಅಂದ್ರೆ ಎಂತಾ ಅಂದ್ ಇವ್ಳಿಗ್ ಇಂಗ್ಲೀಷಂಗೂ ಗೊತ್ತಿತ್ತಲ್ದಾ?"

ಅಪ್ಪಯ್ಯ ನನ್ನ ಪರವಾಗಿ ಏನಾದರೂ ಹೇಳುತ್ತಾರೆಂದು ಕಾದೆ. ಅವರು ಜಗಲಿಯ ನೆಲ ಒರೆಸಲು ಬಟ್ಟೆ ಹುಡುಕುತ್ತಿದ್ದರು. ಅಜ್ಜಿ ಒಂದು ಗಳಿಗೆ ಗೊಣಗಿದಳು, "ಕಾನ್ವೆಂಟಿನ್ ನೀರ್ ಕುಡ್ದ್ ಹೆಣ್," ಎಂದಳು, ಆಮೇಲೆ ಪಂಚಗವ್ಯ ಕುಡಿಸಿದರೆ ಆದೀತು ಎಂದು ಒಪ್ಪಿದಳು. ಹಸಿವಿನ ಮುಂದೆ ಅಜ್ಜಿಯ ಶಾಸ್ತ್ರ ಸ್ವಲ್ಪ ಬಗ್ಗುತ್ತಿತ್ತು.

ಅತ್ತೆಗೆ ಅಪ್ಪಯ್ಯ ಒಣಗಿದ ಸೀರೆ ಕೊಟ್ಟು, ಕಾಲಡಿಗೆ ಹಲಗೆ ಹಾಕಿ, ಕೂರಲು ಮಣೆ ಮಾಡಿಸಿಕೊಟ್ಟರು. ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಕ್ಕಿಸಿ ಅವಳು ಕೂರುತ್ತಿದ್ದಳು. ನಾನು ಅದೇ ಹೊತ್ತಿಗೆ ಬಾವಿಕಟ್ಟೆಯಲ್ಲಿ ತಣ್ಣೀರು ಹುಯ್ದುಕೊಂಡು, ಮೈಗೆ ಅಂಟುವ ಒದ್ದೆ ಸೀರೆಯಲ್ಲಿ ನಡುಗುತ್ತ ಒಲೆ ಊದುತ್ತಿದ್ದೆ. ಜಡೆ ತುರುಬಾಗಿ ನೆತ್ತಿಗೇರಿತ್ತು! ಗೋಡೆಯಾಚೆ ಡ್ರಿಲ್ಲು ಗುರ್ರ್ ಎಂದು ಶುರುವಾಗಿ, ಮರ ಸಿಕ್ಕಾಗ ಸ್ವರ ದಪ್ಪಗಾಗಿ, ಆಚೆ ಬದಿಗೆ ತೂರಿದಾಗ ಹಗುರಾಗುತ್ತಿತ್ತು. ಹೊಗೆಯ ನಡುವೆ ಕೂತು ಪ್ರತಿಯೊಂದು ತೂತನ್ನೂ ಕೇಳುತ್ತಿದ್ದೆ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಿರುತ್ತಿರಲಿಲ್ಲ.

"ಉಪ್ಪೇ ಇಲ್ಲೆ," ಎಂದು ಅಜ್ಜಿ ದಿನಾ ಊಟದ ಎಲೆಯ ಮುಂದೆ ಹೇಳುವಳು. ಆದರೂ ಬ್ರಹ್ಮಾವರದವರು ಬಂದಾಗ ಮಡಿಯಲ್ಲಿ ಅಡುಗೆ ಮಾಡುವ ಹುಡುಗಿ ಎಂದು ಹೊಗಳಿದವಳೂ ಅವಳೇ. ಅವರಿಗೆ ಬಹಳ ಹಿಡಿಸಿತು. ನನ್ನ ಇಂಗ್ಲಿಷನ್ನು ಯಾರೂ ಕೇಳಲಿಲ್ಲ.

ಅವರು ಒಪ್ಪಿಗೆ ಹೇಳಿಹೋದ ದಿನ ಮಧ್ಯಾಹ್ನ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದಳು. ಹೊಸ್ತಿಲ ಆಚೆಯೇ ನಿಂತಳು, ಈಗ ಮೈಲಿಗೆಯವಳು ಅವಳು.

"ಹ್ವಾಯ್ ಮದಿಮಗಳೇ, ಒಂದ್ ಲೋಟ ಮಜ್ಜಿಗಿ ನೀರ್ ಕೊಡ್. ಬಾಯೆಲ್ಲಾ ಹುಡಿ."

ಅವಳು ಬೊಗಸೆಯೊಡ್ಡಿ ಬಗ್ಗಿದಳು. ತಾಗದ ಹಾಗೆ ಎತ್ತರದಿಂದ ಹೊಯ್ದೆ. ಸೆರಗು ಜಾರಿದ ಅವಳ ನೆತ್ತಿಯ ತುಂಬ ಹಲಸಿನ ಮರದ ಹಳದಿ ಹುಡಿ ಕೂತು ಬಿಸಿಲಿಗೆ ಮಿನುಗುತ್ತಿತ್ತು. ಅವಳಿಗೆ ಗೊತ್ತೇ ಇರಲಿಲ್ಲ. ಕೈ ಚಾಚಿ ಕೊಡವಿಬಿಡಬೇಕು ಅನ್ನಿಸಿತು. ಮುಟ್ಟುವಂತಿರಲಿಲ್ಲ, ನಾನು ಮಡಿ. ಅವಳು ಗಟಗಟ ಕುಡಿದು, ಮುಂಗೈಯಿಂದ ಬಾಯಿ ಒರೆಸಿಕೊಂಡು, ಕೆಲಸ ಉಳಿದಿದೆ ಎನ್ನುತ್ತ ಬಿರಬಿರನೆ ಜಗಲಿಗೆ ನಡೆದಳು.