ತಾಸಿಗೊಂದು ಲೋಟ ನೀರು

ನನ್ನ ಫೋನಿನೊಳಗೆ ಒಬ್ಬ ಅದೃಶ್ಯ ಮೇಲ್ವಿಚಾರಕ ಕುಳಿತಿದ್ದಾನೆ. ತಾಸಿಗೊಮ್ಮೆ ಟಣ್ ಎಂದು ಸದ್ದು ಮಾಡಿ, ನೀಲಿ ಹನಿಯೊಂದರ ಚಿತ್ರ ತೋರಿಸಿ, ನೀರು ಕುಡಿಯಲು ಆಜ್ಞಾಪಿಸುತ್ತಾನೆ. ನವಲಗುಂದದ ಶಾಲೆಯೊಂದರಲ್ಲಿ ಮೂರು ದಶಕ ಗಂಟೆಯ ಬಲದಿಂದಲೇ ಮಕ್ಕಳನ್ನು ಆಳಿದ ನನಗೆ ನಿವೃತ್ತಿಯ ನಂತರ ಗಂಟೆಗೆ ಬೆಚ್ಚುವ ಯೋಗ ಒದಗಿದೆ. ಕುಡಿದ ಮೇಲೆ ಆ ಹನಿಯನ್ನು ಬೆರಳಿನಿಂದ ಒತ್ತಬೇಕು, ಆಗ ಅದು ತುಸು ತುಂಬುತ್ತದೆ. ನಿಮ್ಮೆದುರು ಮುಚ್ಚುಮರೆ ಏಕೆ, ಎಷ್ಟೋ ಸಲ ನಾನು ಕುಡಿಯದೆಯೇ ಒತ್ತಿದ್ದೇನೆ. ಮನೆಪಾಠ ಮಾಡದೆ ಮಾಡಿದೆನೆಂದು ಸುಳ್ಳು ಹೇಳಿ ನನ್ನಿಂದ ಪೆಟ್ಟು ತಿಂದ ಹಳೆಯ ಶಿಷ್ಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಕ್ಷಮಿಸಬೇಕು.

ಇದೆಲ್ಲ ಜೋಳದ ಕಾಳಿನಷ್ಟಿದ್ದ ಒಂದು ಹರಳಿನ ಪ್ರಸಾದ. ಎರಡು ವರ್ಷದ ಹಿಂದೆ ಅದು ನನ್ನ ಮೂತ್ರಪಿಂಡದಲ್ಲಿ ಪ್ರತಿಷ್ಠಾಪಿತವಾಗಿ, ಮಾಜಿ ವಿಜ್ಞಾನ ಶಿಕ್ಷಕನಿಂದ ನಡುಮನೆಯಲ್ಲಿ ಉರುಳುಸೇವೆ ಮಾಡಿಸಿತು. ದಿನಕ್ಕೆ ಮೂರು ಲೀಟರ್ ಕುಡಿಯಿರಿ, ಅದೂ ಶುದ್ಧೀಕರಿಸಿದ್ದನ್ನೇ ಕುಡಿಯಿರಿ, ಹೊರಗಿನ ನೀರು ಮುಟ್ಟಬೇಡಿ ಎಂದು ಹುಬ್ಬಳ್ಳಿಯ ವೈದ್ಯರು ಕಟ್ಟಪ್ಪಣೆ ಮಾಡಿದರು. ಬಾಯಾರಿದಾಗ ಬಾವಿ ತೋಡಿದರು ಎನ್ನುವಂತೆ, ಅರವತ್ತು ದಾಟಿದ ಮೇಲೆ ನಾನು ನೀರು ಕುಡಿಯುವುದನ್ನು ಕಲಿಯಲು ಕುಳಿತೆ. ಕುಳಿತ ಮೇಲೆಯೇ ತಿಳಿದದ್ದು, ನನಗೆ ಒಬ್ಬನೇ ನೀರು ಕುಡಿಯುವ ಅಭ್ಯಾಸವೇ ಇರಲಿಲ್ಲವೆಂದು.

ನಮ್ಮದು ಎರೆಭೂಮಿ. ಹತ್ತಿ ಜೋಳಗಳಿಗೆ ಉದಾರಿಯಾದ ಈ ಮಣ್ಣು ಕುಡಿಯುವ ನೀರಿನ ಮಟ್ಟಿಗೆ ಕೃಪಣ; ಬಾವಿ ತೋಡಿದರೆ ಬರುವುದು ಉಪ್ಪು ಬೆರೆತ ಸವಳು. ಹಾಗಾಗಿ ನಮ್ಮ ಬಾಲ್ಯವೆಲ್ಲ ಕೆರೆಯಿಂದ ಹೊತ್ತು ತಂದು, ಅರಿವೆಯಲ್ಲಿ ಸೋಸಿ, ಮಣ್ಣಿನ ಹರವಿಯಲ್ಲಿ ತುಂಬಿಟ್ಟ ನೀರಿನ ಮೇಲೆ ಕಳೆಯಿತು. ಅಷ್ಟು ಕಷ್ಟದಿಂದ ಬಂದದ್ದನ್ನು ಕಂಡಕಂಡವರು ಅದ್ದಿಕೊಂಡು ಕುಡಿಯುವಂತಿರಲಿಲ್ಲ, ಮನೆಯವರು ಕೊಡಬೇಕು. ಆದರೆ ಹೊಸ್ತಿಲು ತುಳಿದವರು ಯಾರೇ ಆಗಲಿ, ಮೊದಲು ಬೆಲ್ಲದ ಚೂರು, ಒಂದು ತಂಬಿಗೆ ನೀರು. ಊರು, ಹೆಸರು, ಬಂದ ಕೆಲಸ ಎಲ್ಲ ಆಮೇಲೆ. ನನ್ನ ಪಾಲಿಗೆ ನೀರೆಂದರೆ ಯಾರೋ ಕೇಳುವುದು, ಯಾರೋ ಕೊಡುವುದು.

ನನಗೆ ಎಲ್ಲರಿಗಿಂತ ಹೆಚ್ಚು ಸಲ ಕೇಳಿ ಕೊಟ್ಟವರು ಫಾತಿಮಾಬಿ; ಓಣಿಯ ಮಕ್ಕಳಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಶಾಲೆಯ ದಾರಿಯಲ್ಲಿ ಅವರ ಮನೆ. ಬಾಗಿಲ ಬೆಳಕಿಗೆ ಮಗ್ಗ ನಿಲ್ಲಿಸಿಕೊಂಡು ಜಮಖಾನ ನೇಯುತ್ತಿದ್ದರು. ನನ್ನ ಅಪ್ಪನಿಗೂ ಅವರ ಯಜಮಾನರಿಗೂ ಗಾಢ ಸ್ನೇಹ. ಅಪ್ಪ ಆ ಮನೆಯ ಕಟ್ಟೆಯ ಮೇಲೆ ತಾಸುಗಟ್ಟಲೆ ಕುಳಿತು ನಗುತ್ತಿದ್ದ, ಆದರೆ ಅಲ್ಲಿ ನೀರು ಕುಡಿಯುತ್ತಿರಲಿಲ್ಲ. ಅದನ್ನು ಅರಿತ ಖಾಲಾ ಅವನನ್ನು ಕೇಳುತ್ತಲೂ ಇರಲಿಲ್ಲ. ಮೂರನೇ ಇಯತ್ತೆಯ ಒಂದು ಬೇಸಿಗೆಯಲ್ಲಿ ಗಂಟಲು ಒಣಗಿ ನಾನೇ ಹೋಗಿ ನೀರು ಕೇಳಿದೆ. ಖಾಲಾ ನೇಯುವ ಕೈ ನಿಲ್ಲಿಸಿ, ಓಣಿಯ ಆಚೀಚೆ ನೋಡಿದರು.

“ಮನ್ಯಾಗ ಬೈತಾರಲ್ಲೋ ತಮ್ಮಾ?”

“ಬೈತಾರ್ರಿ. ಆದ್ರೂ ಕೊಡ್ರಿ.”

ಅವರು ನಕ್ಕು ಬೆಲ್ಲ ಕೊಟ್ಟರು, ನೀರು ಕೊಟ್ಟರು. ಸುದ್ದಿ ತಿಳಿದ ಅಪ್ಪ ಎರಡು ದಿನ ನನ್ನೊಡನೆ ಮಾತು ಬಿಟ್ಟು ಮೂರನೆಯ ದಿನ ಏನೂ ಆಗದವನಂತೆ ಮಾತಾಡಿಸಿದ. ಆಮೇಲೆ ಐವತ್ತು ವರ್ಷ, ವಿದ್ಯಾರ್ಥಿಯಾಗಿಯೂ ಮಾಸ್ತರನಾಗಿಯೂ, ಆ ಬಾಗಿಲಲ್ಲಿ ನೀರು ಕುಡಿಯದೆ ನಾನು ಮುಂದೆ ಹೋದದ್ದಿಲ್ಲ. ಇದನ್ನೊಂದು ಮಹಾಸಾಧನೆಯೆಂದು ಸಭೆಗಳಲ್ಲಿ ಹೇಳಿಕೊಂಡು ಚಪ್ಪಾಳೆ ಗಿಟ್ಟಿಸಿದ್ದೂ ಉಂಟು.

ಹರಳಿನ ಬೇನೆ ತಗ್ಗಿದ ತಿಂಗಳಲ್ಲೇ ಖಾಲಾ ಅವರನ್ನು ನೋಡಲು ಹೋದೆ. ಎಂದಿನಂತೆ ತಂಬಿಗೆ ಹಿಡಿದು ಬಂದರು. ಹೊಸದಾಗಿ ವ್ರತ ಹಿಡಿದವನ ಉತ್ಸಾಹದಲ್ಲಿ ನಾನು ಕೈ ಅಡ್ಡ ಹಿಡಿದು, “ಬ್ಯಾಡ್ರಿ ಖಾಲಾ, ನನ್ನ ನೀರ ನನ್ನ ಕಡೆನ ಐತಿ” ಎಂದು ಚೀಲದಿಂದ ಬಾಟಲಿ ತೆಗೆದು ಗಟಗಟ ಕುಡಿದೆ. ಕಾರಣ ಹೇಳಬೇಕಿತ್ತು. ಆದರೆ ತಾಯಿಯಂಥ ಹಿರಿಯಳ ಮುಂದೆ ಮೂತ್ರದ ವಿಚಾರ ಎತ್ತುವುದು ಹೇಗೆಂದು ನಾಚಿಕೆಯಾಗಿ ಮಾತನ್ನು ಮಳೆಬೆಳೆಯ ಕಡೆ ತಿರುಗಿಸಿದೆ. ಖಾಲಾ ಒಂದು ಕ್ಷಣ ನಿಂತು ತಂಬಿಗೆಯನ್ನು ಒಳಗೊಯ್ದರು.

ಮುಂದಿನ ಸಲ ಹೋದಾಗ ಅವರ ಬಾಯಲ್ಲಿ ನಾನು ‘ತಮ್ಮಾ’ ಹೋಗಿ ‘ಮಾಸ್ತರ’ ಆಗಿದ್ದೆ. ಬರ್ರಿ ಎಂದರು, ಕುಂಡ್ರ್ರಿ ಎಂದರು, ನೀರು ಕೇಳಲಿಲ್ಲ. ಹಿಂತಿರುಗುವಾಗ ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು, ನಾನು ಕುಳಿತು ಬಂದದ್ದು ಆ ಕಟ್ಟೆಯ ಮೇಲೆ, ಅಪ್ಪ ಕೂರುತ್ತಿದ್ದ ಜಾಗದಲ್ಲಿ. ಕೊನೆಗೂ ಅಪ್ಪನ ಮಗನೇ ಎಂದುಕೊಂಡಿರಬೇಕು ಅವರು. ಹೋಗಿ ಬಿಡಿಸಿ ಹೇಳೋಣವೆಂದರೆ, ಅವರು ಬಾಯಿಬಿಟ್ಟು ಆಡದ ಮಾತಿಗೆ ಉತ್ತರ ಕೊಡುವುದು ಹೇಗೆ? ನಾಳೆ ನಾಳೆ ಎನ್ನುತ್ತಿರುವಾಗಲೇ ಖಾಲಾ ಅವರ ಕಣ್ಣು ಮಂಜಾಯಿತು, ಮಗ್ಗ ಬಿಚ್ಚಿದರು, ಮಗಳು ಬಂದು ಗುಡಗೇರಿಗೆ ಕರೆದೊಯ್ದಳು.

ಅಲ್ಲಿಂದಾಚೆ ಟಣ್ ಎಂದಾಗ ಕುಡಿದೆ, ಕೆಲವೊಮ್ಮೆ ಸುಳ್ಳೇ ಒತ್ತಿದೆ. ಹರಳು ಕರಗಿತು, ವೈದ್ಯರು ಮೆಚ್ಚಿದರು. ಬಾಯಾರಿಕೆ ಮಾತ್ರ ಹಾಗೇ ಉಳಿಯಿತು. ಸಂಜೆ ಕಾಲು ತಾನಾಗಿ ಆ ಓಣಿಗೆ ಹೋಗುತ್ತಿತ್ತು. ಬೀಗ ಹಾಕಿದ ಬಾಗಿಲ ಮುಂದೆ ಯಾರದೋ ಮನೆ ಹುಡುಕುವವನಂತೆ ನಿಂತು ಬರುತ್ತಿದ್ದೆ. ನೀರು ಬೇಕೇನೋ ಎಂದು ಕೇಳುವ ಆ ದನಿಗಾಗಿ ನಾನು ಎಷ್ಟು ಹಂಬಲಿಸಿದೆನೆಂದು ಹೇಳಿದರೆ ಈ ವಯಸ್ಸಿಗೆ ಶೋಭಿಸಲಾರದು.

ಹೋದ ತಿಂಗಳು ಬಾಟಲಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು, ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ಗುಡಗೇರಿಗೆ ಹೋದೆ. ಖಾಲಾ ದನಿಯಿಂದಲೇ ಗುರುತು ಹಿಡಿದರು. ಮಗಳ ಕಿವಿಯಲ್ಲಿ ಏನೋ ಹೇಳಿದರು. ಅವಳು ಹೊರಗೆ ಹೋಗಿ ಅಂಗಡಿಯಿಂದ ಹೊಸ ನೀರಿನ ಬಾಟಲಿ ತಂದಳು. ಖಾಲಾ ಅದರ ಮುಚ್ಚಳವನ್ನು ಬೆರಳಿನಿಂದ ಸುತ್ತಲೂ ತಡವಿ ನೋಡಿ, ನನ್ನತ್ತ ಚಾಚಿದರು.

“ಸೀಲ್ ಒಡದಿಲ್ರಿ ಮಾಸ್ತರ. ಯಾರೂ ಮುಟ್ಟಿಲ್ಲ.”

ಆ ಮಾತಿನಲ್ಲಿ ಕೊಂಕಿರಲಿಲ್ಲ, ಉಪಚಾರವಿತ್ತು. ಅದಕ್ಕೇ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಹರಳು, ವೈದ್ಯರು, ನಾಚಿಕೆ ಎಲ್ಲವನ್ನೂ ಮಗಳ ಎದುರಿಗೇ ಹೇಳಿಬಿಟ್ಟೆ. ಖಾಲಾ ಚಾಚಿದ್ದ ಬಾಟಲಿಯನ್ನು ಹಿಂದಕ್ಕೆ ತೆಗೆದುಕೊಂಡರು.

“ಇಷ್ಟ ಮಾತಿಗೆ ಎರಡ ವರ್ಷ ಬೇಕಾತೇನೋ?” ಎಂದರು.

ನಾನು ಹರವಿಯ ನೀರು ಕೇಳಿದೆ. ಮಂಜುಗಣ್ಣು ನನ್ನ ಕಡೆ ಎತ್ತಿದರು.

“ಡಾಕ್ಟರ್ ಬೈತಾರಲ್ಲೋ ತಮ್ಮಾ?”

“ಬೈತಾರ್ರಿ. ಆದ್ರೂ ಕೊಡ್ರಿ.”

ಆ ನೀರು ತುಸು ಸವಳಾಗಿತ್ತು. ತಂಬಿಗೆ ಬರಿದು ಮಾಡಿದೆ. ಅಷ್ಟರಲ್ಲಿ ಜೇಬಿನಲ್ಲಿ ಟಣ್ ಎಂದಿತು. ನೀರು ಕುಡಿ ಎಂದು ಹೇಳಲು ನಾನೊಂದು ಯಂತ್ರ ಇಟ್ಟುಕೊಂಡಿದ್ದೇನೆಂದು ತಿಳಿದು ಖಾಲಾ ಕೆಮ್ಮು ಬರುವವರೆಗೆ ನಕ್ಕರು.

ಗುಡಗೇರಿ ದೂರ, ದಿನಾ ಹೋಗಲಾಗದು, ಅವರಿಗೂ ವಯಸ್ಸಾಯಿತು. ಮೇಲ್ವಿಚಾರಕ ಈಗಲೂ ತಾಸಿಗೊಮ್ಮೆ ಕರೆಯುತ್ತಾನೆ. ಈಗ ನಾನು ಸುಳ್ಳು ಒತ್ತುವುದಿಲ್ಲ, ಲೋಟ ತುಂಬಿಕೊಳ್ಳುತ್ತೇನೆ. ಆದರೆ ತುಟಿಗೆ ಒಯ್ಯುವ ಮೊದಲು ಒಂದು ಗಳಿಗೆ ತಡೆಯುತ್ತೇನೆ, ಯಾರಾದರೂ ‘ಬೈತಾರಲ್ಲೋ ತಮ್ಮಾ’ ಎಂದು ಕೇಳಲಿ ಎಂದು.