ಎದುರಾಳಿ ಇಲ್ಲದ ಓಟು

ಮುನ್ಸಿಪಾಲಿಟಿ ಶಾಲೆಯ ಕಾರಿಡಾರಿನಲ್ಲಿ ಓಟಿನ ಸಾಲು ಆಮೆಗಿಂತ ನಿಧಾನವಾಗಿ ತೆವಳುತ್ತಿತ್ತು. ಏಪ್ರಿಲ್ ತಿಂಗಳ ಡೊಂಬಿವಲಿ, ಮೇಲೆ ತಿರುಗಿಯೂ ತಿರುಗದಂತಿದ್ದ ಒಂದು ಫ್ಯಾನು. ನನ್ನ ಮುಂದೆ ನಿಂತಿದ್ದ ಮುದುಕರೊಬ್ಬರು ಬಗ್ಗಿ ಪ್ಯಾಂಟಿನ ಮೇಲಿಂದಲೇ ಮೊಣಕಾಲು ನೀವಿಕೊಂಡರು. ಎಳ್ಳೆಣ್ಣೆಯಲ್ಲಿ ಕರ್ಪೂರ ಹಾಕಿ ಕಾಯಿಸಿದ ನೋವಿನ ತೈಲದ ವಾಸನೆ ಬಂತು. ಇನ್ನೇನು ಅವರ ಭುಜ ಮುಟ್ಟಿ, "ಏನ್ ಸಾರ್, ನನ್ನ ಬಿಟ್ಟು ಬಂದ್ರಾ?" ಎಂದು ಕೇಳುವವನಿದ್ದೆ. ಅಷ್ಟರಲ್ಲಿ ಅವರೇ ತಿರುಗಿ ನೋಡಿದರು. ಯಾರೋ ಮರಾಠಿ ಕಾಕಾ. ನಾನು ಸುಮ್ಮನೆ ನಕ್ಕು ಗೋಡೆಯ ಕಡೆ ನೋಡಿದೆ…

ಆ ತೈಲ ನಮ್ಮ ಸೆಕ್ರೆಟರಿಯವರದ್ದು. ಸೆಕ್ರೆಟರಿ ಎಂದರೆ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಅಧಿಕಾರ ಬಿಟ್ಟು ವರ್ಷಗಳಾದ ಮೇಲೂ ಬಿಲ್ಡಿಂಗಿನವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ನನ್ನ ಮಗ ಸಣ್ಣವನಿದ್ದಾಗ ಅವರ ಹೆಸರೇ ಅದು ಎಂದುಕೊಂಡಿದ್ದ. ಉಡುಪಿ ಕಡೆಯವರು. ಮೀಸೆ ಮೂಡುವ ವಯಸ್ಸಿನಲ್ಲಿ ಬಂದು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಕ್ಯಾಂಟೀನು ಸೇರಿ, ಅಲ್ಲಿಯೇ ಸೂಪರ್‌ವೈಸರ್ ಆಗಿ, ಕಾರ್ಖಾನೆ ಬಾಗಿಲು ಹಾಕಿದ ದಿನ ಮನೆಗೆ ಬಂದವರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ನವಿ ಮುಂಬೈಯ ಕಾಮೋಠೆಯಲ್ಲಿದ್ದಳು. ನಾನು ಮೈಸೂರಿನವನು, ಠಾಣೆಯ ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸ. ಮೂರನೇ ಮಹಡಿಯಲ್ಲಿ ಅವರ ಬಾಗಿಲು ನನ್ನ ಬಾಗಿಲಿಗೆ ಎದುರು. ಅವರ ಪಕ್ಷವೂ ನನ್ನ ಪಕ್ಷಕ್ಕೆ ಎದುರು.

ಇದು ಗೊತ್ತಾದದ್ದು ಎರಡು ಸಾವಿರದ ನಾಲ್ಕರ ಲೋಕಸಭೆ ಚುನಾವಣೆಯ ದಿನ. ನಾನು ಬಾಗಿಲು ಎಳೆದುಕೊಳ್ಳುವಾಗ ಅವರೂ ಚಪ್ಪಲಿ ಮೆಟ್ಟುತ್ತಿದ್ದರು. ಒಟ್ಟಿಗೆ ಹೋಗುವ ಬನ್ನಿ ಎಂದರು. ನಾನು ಆಗ ಬಿಸಿರಕ್ತದವನು, ಮೊದಲ ಮಹಡಿ ತಲುಪುವುದರೊಳಗೆ ನನ್ನ ಪಕ್ಷ ಯಾವುದೆಂದು ನಾನಾಗಿಯೇ ಹೇಳಿಬಿಟ್ಟೆ. ಅವರು ಮೆಟ್ಟಿಲ ಮೇಲೆಯೇ ನಿಂತರು.

"ಹಾಗಾದ್ರೆ ನಾವಿಬ್ರೂ ಹೋಗಿ ಬರುದು ಸೊನ್ನೆಗೆ ಮಾರಾಯ್ರೆ. ನಿಮ್ಮದು ನಂದನ್ನ ಹೊಡೀತದೆ, ನಂದು ನಿಮ್ಮದನ್ನ."

"ವಾಪಸ್ ಹೋಗಿ ಮಲ್ಕೊಳ್ಳೋಣ್ವಾ ಸಾರ್ ಹಾಗಾದ್ರೆ?"

"ಎಂತ ಮಲಗುದು? ನಡೀರಿ. ದಾರಿಯಲ್ಲಿ ಜಗಳ ಆಡ್ಲಿಕ್ಕೆ ಉಂಟಲ್ಲ."

ಅಂದಿನಿಂದ ಅದೊಂದು ಪದ್ಧತಿಯಾಯಿತು. ಲೋಕಸಭೆಯಿರಲಿ, ವಿಧಾನಸಭೆಯಿರಲಿ, ಮಹಾನಗರಪಾಲಿಕೆಯಿರಲಿ, ಇಬ್ಬರೂ ಜೊತೆಯಲ್ಲೇ ಹೋಗಿ ಒಬ್ಬರದನ್ನೊಬ್ಬರು ಹೊಡೆದು, ಶಾಲೆಯ ಗೇಟಿನ ಗಾಡಿಯಲ್ಲಿ ವಡಾಪಾವ್ ತಿಂದು ಬರುತ್ತಿದ್ದೆವು. ದೇಶವನ್ನು ಒಂದು ಒಳ್ಳೆಯ ಕಂಪನಿಯ ಹಾಗೆ ನಡೆಸಬೇಕು ಎನ್ನುವುದು ನನ್ನ ವಾದ. ಲಾಭ ನಷ್ಟ ನೋಡಬೇಕು, ಕೆಲಸ ಮಾಡದವರನ್ನು ಹೊರಗೆ ಹಾಕಬೇಕು, ರಸ್ತೆ, ಸೇತುವೆ ಆಗಬೇಕು. ಅವರು ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಪಾವ್ ಮುರಿಯುತ್ತ ಹೇಳುತ್ತಿದ್ದರು, "ನಮ್ಮ ಕಂಪನಿ ಮುಚ್ಚಿದಾಗ ನಾವು ಮನೆಗೆ ಬಂದೆವು. ದೇಶ ಮುಚ್ಚಿದ್ರೆ ಎಲ್ಲಿಗೆ ಹೋಗುದು?" ಕಾರ್ಖಾನೆಗೆ ಬೀಗ ಬಿದ್ದ ತಿಂಗಳುಗಳಲ್ಲಿ ಅವರ ಪಕ್ಷದ ಒಬ್ಬ ಸ್ಥಳೀಯ ಮುಂದಾಳು ದಿನವೂ ಗೇಟಿನ ಮುಂದೆ ಇವರೊಂದಿಗೆ ನೆಲದ ಮೇಲೆ ಕೂರುತ್ತಿದ್ದನಂತೆ. ಅವರ ರಾಜಕೀಯವೆಲ್ಲ ಆ ನೆಲದಿಂದ ಬಂದದ್ದು. ನನ್ನದು ಎಸಿ ಕೋಣೆಯ ಪ್ರೆಸೆಂಟೇಶನ್ನಿನಿಂದ ಬಂದದ್ದು ಎಂದು ಅವರು ಚುಚ್ಚುತ್ತಿದ್ದರು.

ನನ್ನ ಹೆಂಡತಿಗೆ ಇಬ್ಬರ ಮೇಲೂ ಅಷ್ಟಕ್ಕಷ್ಟೆ. "ಎಲ್ಲರ ಮನೆ ದೋಸೆನೂ ತೂತೇ, ಅದಕ್ಕೆ ಇಷ್ಟು ಗಲಾಟೆ ಯಾಕೆ?" ಎಂದರೆ ಅವರು ಗಂಭೀರವಾಗಿ ಉತ್ತರಿಸುತ್ತಿದ್ದರು. "ತೂತು ಇರ್ಲಿ ತಾಯಿ. ಹೊತ್ತಿದ್ದು ಯಾವುದು, ಬೆಂದದ್ದು ಯಾವುದು ಅಂತ ನೋಡ್ಬೇಕಲ್ಲ."

ಎರಡು ಸಾವಿರದ ಒಂಬತ್ತರಲ್ಲಿ ನನಗೆ ಕಾಮಾಲೆಯಾಯಿತು. ಓಟಿನ ದಿನ ಎದ್ದು ನಿಂತರೆ ಕಣ್ಣು ಕತ್ತಲೆ. ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದರು. ನನ್ನ ಹಳದಿ ಕಣ್ಣು ನೋಡಿ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತರು. ನೀವು ಹೋಗಿ ಬನ್ನಿ ಸಾರ್ ಎಂದೆ. ಹೂಂ ಎಂದರು, ಏಳಲಿಲ್ಲ. ಹೆಂಡತಿ ಗಂಜಿ ತಂದಳು, ಅವರಿಗೂ ಒಂದು ಬಟ್ಟಲು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಅವರ ಪಕ್ಷದ ಹುಡುಗರು ರಿಕ್ಷಾ ತಂದು ಕೆಳಗಿನಿಂದ ಕೂಗಿದರು. ಆಮೇಲೆ ಒಬ್ಬ ಮೇಲೆಯೇ ಬಂದ.

"ಕಾಕಾ, ಚಲಾ ನಾ. ತುಮ್ಚಂಚ್ ಮತ್ ರಾಹಿಲಂಯ್." ನಿಮ್ಮ ಓಟೇ ಬಾಕಿ, ಬನ್ನಿ ಎಂದು.

"ಆಜ್ ನಾಹಿ," ಇವತ್ತಿಲ್ಲ ಎಂದರು ಸೆಕ್ರೆಟರಿ.

ಹುಡುಗ ನನ್ನ ಮುಖ ನೋಡಿದ, ಅವರ ಮುಖ ನೋಡಿದ. ನಾನು ಯಾವ ಪಕ್ಷದವನೆಂದು ಇಡೀ ಗಲ್ಲಿಗೆ ಗೊತ್ತಿತ್ತು. ಏನೋ ಗೊಣಗುತ್ತ ಇಳಿದು ಹೋದ. ನಾನು ಅವರ ಕೈ ಹಿಡಿದು, ನನಗೋಸ್ಕರ ಹೀಗೆ ಮಾಡಬೇಡಿ, ಇಷ್ಟು ವರ್ಷ ಒಂದು ಓಟೂ ತಪ್ಪಿಸಿದವರಲ್ಲ ನೀವು ಎಂದೆ.

"ನೀವು ಮಲಗಿದ್ದೀರಿ. ನಾನು ಹೋಗಿ ಹಾಕಿ ಬಂದ್ರೆ ಅದು ಕದ್ದ ಹಾಗೆ ಆಗ್ತದೆ," ಎಂದರು. "ಬರ್ಲಿಕ್ಕೆ ಆಗದವನ ಮೇಲೆ ಗೆಲ್ಲುದು ಎಂತ ಗೆಲ್ಲುದು ಮಾರಾಯ್ರೆ?"

ಸಂಜೆ ಮತದಾನ ಮುಗಿಯುವವರೆಗೂ ಅಲ್ಲಿಯೇ ಕೂತಿದ್ದರು. ಆ ಚುನಾವಣೆಯಾದ ಮೇಲೆ ಅವರ ಪಕ್ಷದ ಕಚೇರಿಯಲ್ಲಿ ಅವರಿಗೆ ಚಹಾ ಕೊಡುವವರು ಕಡಿಮೆಯಾದರು. ಮೈಸೂರಿನವನು ಸೆಕ್ರೆಟರಿಯನ್ನು ಬುಟ್ಟಿಗೆ ಹಾಕಿಕೊಂಡ ಎಂದು ಆಡಿಕೊಂಡರಂತೆ. ಅವರು ಆ ಕಡೆ ಹೋಗುವುದನ್ನೇ ಬಿಟ್ಟರು. ಸಂಜೆ ಹೊತ್ತು ಬಾಲ್ಕನಿಯಲ್ಲಿ ಒಬ್ಬರೇ ಕೂತು ಕಾಲಿಗೆ ತೈಲ ಹಚ್ಚಿಕೊಳ್ಳುವುದು ಕಾಣುತ್ತಿತ್ತು. ನನಗೆ ಸಂಕಟವಾಗುತ್ತಿತ್ತು. ಅವರಿಗೆ ಆಗಿದ್ದರೂ ಹೇಳಿಕೊಂಡವರಲ್ಲ.

ನನ್ನ ನಂಬಿಕೆ ಅಲ್ಲಾಡಲು ಶುರುವಾದದ್ದು ಅಲ್ಲಿಂದ. ಜನ ಭಾಷಣ ಕೇಳಿ ಬದಲಾಗುತ್ತಾರೆ, ಬೆಲೆ ಏರಿದರೆ ಬದಲಾಗುತ್ತಾರೆ. ನಾನು ಬದಲಾದದ್ದು ಮುದುಕರೊಬ್ಬರು ಓಟು ಹಾಕದೆ ನನ್ನ ಪಕ್ಕ ಗಂಜಿ ಕುಡಿದದ್ದರಿಂದ. ಅವರ ಪಕ್ಷ ಸರಿ ಎಂದು ಕೂಡಲೇ ಅನ್ನಿಸಲಿಲ್ಲ. ಆದರೆ ನಾನಾಗಿದ್ದರೆ ಹಾಗೆ ಕೂರುತ್ತಿದ್ದೆನೇ ಎಂದು ಕೇಳಿಕೊಂಡೆ… ಕೆಲಸಕ್ಕೆ ಬಾರದವರನ್ನು ಹೊರಗೆ ಹಾಕಬೇಕು ಎಂದು ಆಮೇಲೆ ಬಾಯಿಬಿಟ್ಟು ಹೇಳುವುದು ಕಷ್ಟವಾಯಿತು. ಕೆಲವು ವರ್ಷಗಳ ನಂತರ ನನ್ನ ಕಂಪನಿ ನನ್ನ ವಿಭಾಗವನ್ನೇ ಮುಚ್ಚಿತು. ಮಗ ಹೈಸ್ಕೂಲಿನಲ್ಲಿದ್ದ. ಬೆಳಿಗ್ಗೆ ಲೋಕಲ್ ಹಿಡಿಯುವ ಅವಸರವಿಲ್ಲದೆ ಮನೆಯಲ್ಲಿ ಕೂರುವುದು ಎಂಥ ನಾಚಿಕೆ ಎಂದು ಆಗ ತಿಳಿಯಿತು. ಸೆಕ್ರೆಟರಿ ದಿನಾ ಬಂದು ಕೂರುತ್ತಿದ್ದರು. ನಾನು ಹೇಳಿರಲಿಲ್ಲವಾ ಎಂಬ ಮಾತು ಅವರ ಬಾಯಿಂದ ಒಂದು ದಿನವೂ ಬರಲಿಲ್ಲ. ಬಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ.

ಐರೋಲಿಯಲ್ಲಿ ಬೇರೆ ಕೆಲಸ ಸಿಕ್ಕಿದ ಮೇಲೆ ಎರಡು ಸಾವಿರದ ಹದಿನಾಲ್ಕರ ಚುನಾವಣೆ ಬಂತು. ಈ ಸಲ ನಿಮ್ಮ ಪಕ್ಷಕ್ಕೇ ಹಾಕುತ್ತೇನೆ ಸಾರ್ ಎಂದು ಅವರಿಗೆ ಹೇಳಿದೆ. ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಾಡಿತು.

"ಕೆಲಸ ಹೋದ ಸಿಟ್ಟಿಗೆ ಬದಲಾಗ್ಬೇಡಿ. ಸರಿಯಾಗಿ ಯೋಚಿಸಿ," ಎಂದವರು, ಮುಂದಿನ ವಾರವೆಲ್ಲ ನನ್ನ ಹಳೆಯ ಪಕ್ಷದ ವಕೀಲರಾಗಿಬಿಟ್ಟರು. ರಸ್ತೆ ಆಗಬೇಡವೇ, ಲೆಕ್ಕ ನೋಡಬೇಡವೇ ಎಂದು ನನ್ನ ವಾದಗಳನ್ನು ನನಗಿಂತ ಚೆನ್ನಾಗಿ ಮಂಡಿಸಿದರು. ಗೇಟಿನ ಮುಂದೆ ಕೂತಿದ್ದ ಆ ಮುಂದಾಳು ಸತ್ತು, ಈಗ ಅವನ ಮಗ ಕಾರಿನ ಗಾಜು ಇಳಿಸದೆ ಹೋಗುತ್ತಾನೆ ಎಂಬುದನ್ನೂ ಅವರೇ ಹೇಳಿದರು. ನಾನು ಅವರ ಪಕ್ಷವನ್ನು ಸಮರ್ಥಿಸುತ್ತಿದ್ದೆ, ಅವರು ಅದರ ಹುಳುಕು ತೆಗೆಯುತ್ತಿದ್ದರು. ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿ, ಈ ಇಬ್ಬರಿಗೂ ಬಿಸಿಲು ತಲೆಗೇರಿದೆ ಎಂದಳು.

ಕೊನೆಗೆ ಇಬ್ಬರೂ ಹೋಗಿ ಅವರ ಪಕ್ಷದ ಚಿಹ್ನೆಗೇ ಒತ್ತಿ ಬಂದೆವು. ದಶಕದಲ್ಲಿ ಮೊದಲ ಬಾರಿ ನಮ್ಮ ಓಟುಗಳು ಕೂಡಿದ್ದವು, ದಾರಿಯಲ್ಲಿ ಜಗಳಕ್ಕೆ ಏನೂ ಉಳಿದಿರಲಿಲ್ಲ. ವಡಾಪಾವ್ ತಿನ್ನುತ್ತ ಅವರು, "ನೀವೂ ಈಚೆಗೆ ಬಂದ್ರೆ ನನಗೆ ಆಚೆ ಯಾರುಂಟು?" ಎಂದರು. ತಮಾಷೆಗೆ ಹೇಳಿದರೆಂದು ನಕ್ಕೆ. ಅವರು ನಗಲಿಲ್ಲ. ಗೆದ್ದದ್ದು ನನ್ನ ಹಳೆಯ ಪಕ್ಷ. ಫಲಿತಾಂಶದ ಮರುದಿನ ಲೋಕಲ್ ಗಾಡಿಯಲ್ಲಿ ಆ ಪಕ್ಷದ ನನ್ನ ಹಳೆಯ ಗುಂಪು ಪೇಢೆ ಹಂಚಿತು. ನಾನೂ ಒಂದು ತೆಗೆದುಕೊಂಡೆ. ಅಷ್ಟು ಜನರ ನಡುವೆ ಬಾಗಿಲ ಬಳಿ ನಿಂತು ಅರ್ಧ ತಿಂದು, ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಅಲ್ಲಿ ನನ್ನೊಂದಿಗೆ ಜಗಳ ಮಾಡುವವರು ಯಾರೂ ಇರಲಿಲ್ಲ. ಎಲ್ಲರೂ ಖುಷಿಯಾಗಿದ್ದರು.

ಅದೇ ಮಳೆಗಾಲ ಅವರ ಮಂಡಿ ಕೈಕೊಟ್ಟಿತು. ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಮಗಳು ಬಂದು ಕಾಮೋಠೆಗೆ ಕರೆದುಕೊಂಡು ಹೋದಳು. ಹೆಸರನ್ನೂ ಅಲ್ಲಿನ ಮತದಾರರ ಪಟ್ಟಿಗೆ ಬದಲಾಯಿಸೋಣ ಎಂದರೆ ಒಪ್ಪಲಿಲ್ಲವಂತೆ. ಅದೇ ವರ್ಷದ ವಿಧಾನಸಭೆ ಚುನಾವಣೆಗೆ ಮಗಳ ಮೇಲೆ ಮುನಿಸಿಕೊಂಡು, ವಾಶಿಯಲ್ಲಿ ಗಾಡಿ ಬದಲಿಸಿ, ಠಾಣೆಯಲ್ಲಿ ಮತ್ತೊಮ್ಮೆ ಬದಲಿಸಿ, ಸೇತುವೆಯ ಮೆಟ್ಟಿಲು ಹತ್ತಿ ಇಳಿದು ಡೊಂಬಿವಲಿಗೆ ಬಂದೇಬಿಟ್ಟರು. ನಾನು ಕರೆತರಲು ಹೋದಾಗ ಸ್ಟೇಷನ್ನಿನ ಬೆಂಚಿನ ಮೇಲೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಅಲ್ಲಿಯೇ ಓಟು ಮಾಡಬಹುದಿತ್ತಲ್ಲ ಸಾರ್ ಎಂದರೆ, "ಅಲ್ಲಿ ನನಗೆ ಯಾರ ಗುರ್ತ ಉಂಟು?" ಎಂದರು. ಕಾಮೋಠೆಯಲ್ಲಿ ಮೊಮ್ಮಕ್ಕಳು ಹಿಂದಿಯಲ್ಲಿ ಮಾತಾಡುತ್ತಿದ್ದರು, ಅಳಿಯ ಟಿವಿಯ ಜೊತೆ ಜಗಳವಾಡುತ್ತಿದ್ದ. ಇವರು ಏನಾದರೂ ಹೇಳಿದರೆ ಎಲ್ಲರೂ ಹೌದು ಹೌದು ಎನ್ನುತ್ತಿದ್ದರಂತೆ. ಅದೇ ದೊಡ್ಡ ಬೇಸರ, ಯಾರೂ ಅಲ್ಲ ಎನ್ನುವುದಿಲ್ಲ ಎಂದರು.

ಹೋದ ಚಳಿಗಾಲ ಅವರನ್ನು ನವಿ ಮುಂಬೈಯ ಒಂದು ಆಸ್ಪತ್ರೆಗೆ ಸೇರಿಸಿದ್ದಾರೆಂದು ಮಗಳು ಫೋನ್ ಮಾಡಿದಳು. ಆಫೀಸಿನಿಂದ ನೇರ ಹೋದೆ. ಬಹಳ ಇಳಿದಿದ್ದರು. ಈ ಎರಡು ಸಾವಿರದ ಹತ್ತೊಂಬತ್ತರ ಲೋಕಸಭೆ ಚುನಾವಣೆ ಹತ್ತಿರವಿತ್ತು. ಮಾತಿಗೆ ಬೇರೆ ಏನೂ ತೋಚದೆ, ಬೇಗ ಹುಷಾರಾಗಿ, ನೀವು ಬರದಿದ್ದರೆ ನಾನೂ ಹಾಕುವುದಿಲ್ಲ, ಒಪ್ಪಂದ ಒಪ್ಪಂದವೇ ಎಂದೆ.

ಅವರು ಹೊದಿಕೆಯೊಳಗಿಂದ ಕೈ ತೆಗೆದು ಬೇಡ ಎಂಬಂತೆ ಆಡಿಸಿದರು.

"ಅದು ಕಾಮಾಲೆಗೆ ಮಾತ್ರ," ಎಂದರು. "ಇದಕ್ಕಲ್ಲ. ನೀವು ಹೋಗ್ಬೇಕು."

"ಯಾರಿಗೆ ಹಾಕ್ಲಿ ಸಾರ್?"

"ಅದನ್ನ ನನ್ನತ್ರ ಕೇಳುದಾ?" ಎಂದು ಹುಬ್ಬು ಗಂಟಿಕ್ಕಿದರು. ಅದೇ ನಾನು ಅವರ ಬಾಯಿಂದ ಕೇಳಿದ ಕೊನೆಯ ಗದರಿಕೆ. ಹೋಳಿ ಹಬ್ಬಕ್ಕೆ ಮೊದಲೇ ಹೋಗಿಬಿಟ್ಟರು…

ಹಾಗಾಗಿ ಇವತ್ತು ಸಾಲಿನಲ್ಲಿ ನಾನೊಬ್ಬನೇ. ಮುಂದಿನ ಕಾಕಾ ಒಳಗೆ ಹೋಗಿ ಬಂದರು. ನನ್ನ ಬೆರಳಿಗೆ ಶಾಯಿ ಬಿತ್ತು. ರಟ್ಟಿನ ಮರೆಯ ಹಿಂದೆ ನಿಂತಾಗ ಭಯವಾಯಿತು. ಹಿಂದೆ ನಾನು ಧೈರ್ಯವಾಗಿ ಒತ್ತುತ್ತಿದ್ದೆ, ಏಕೆಂದರೆ ನಾನು ತಪ್ಪಿದ್ದರೆ ಅದನ್ನು ಅಳಿಸಲು ಹಿಂದಿನಿಂದ ಅವರು ಬರುತ್ತಿದ್ದರು. ಇಂದು ನನ್ನ ಓಟು ಹಾಕಿದಲ್ಲಿಯೇ ಉಳಿಯುತ್ತದೆ. ಅವರ ಪಕ್ಷಕ್ಕೆ ಹಾಕಿದರೆ ಅದು ಶ್ರಾದ್ಧದ ಪಿಂಡದಂತಾಗುತ್ತದೆ ಎನ್ನಿಸಿತು. ನನ್ನ ಹಳೆಯ ಪಕ್ಷಕ್ಕೆ ಕೈ ಹೋಗಲಿಲ್ಲ. ಕೆಳಗೆ ಒಬ್ಬ ಹೆಂಗಸಿನ ಹೆಸರಿತ್ತು. ಜಯಕಾರವಿಲ್ಲದೆ, ಒಬ್ಬಳೇ ನಮ್ಮ ಮೂರು ಮಹಡಿ ಹತ್ತಿ ಬಂದು, ನೀರಿನ ಬಗ್ಗೆ ನಾನು ಕೇಳಿದ್ದಕ್ಕೆ ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ ಎಂದಿದ್ದಳು. ಗೆಲ್ಲುವವಳಲ್ಲ.

"ಕಾಕಾ, ಝಾಲಂ ಕಾ?" ಆಯಿತಾ ಎಂದು ಮೇಜಿನ ಹಿಂದಿನ ಹುಡುಗಿ ಕೇಳಿದಳು. ಒತ್ತಿದೆ.

ಮನೆಯವರೆಗೂ ಅವರಿಗೆ ಸಮಜಾಯಿಷಿ ಹೇಳುತ್ತ ಬಂದೆ. ಗೊತ್ತಿಲ್ಲ ಎನ್ನುವ ಧೈರ್ಯ ಇರುವವರು ಒಬ್ಬರಾದರೂ ಬೇಕಲ್ಲ ಸಾರ್, ಅದಕ್ಕೆ. ಠೇವಣಿ ಹೋಗುವವಳಿಗೆ ಹಾಕುದಾ ಮಾರಾಯ್ರೆ ಎಂದು ಅವರು ಹೇಳುವುದು, ನಾನು ಅದಕ್ಕೆ ಕೊಡುವ ಉತ್ತರ, ಎಲ್ಲ ಸಿದ್ಧವಾಗಿತ್ತು. ಮೂರನೇ ಮಹಡಿಗೆ ಬಂದಾಗ ಎದುರುಮನೆಯ ಹೊಸ ಬಾಡಿಗೆದಾರರ ಹುಡುಗಿ, "ಅಂಕಲ್, ಕಿಸ್ಕೊ ದಿಯಾ?" ಯಾರಿಗೆ ಹಾಕಿದಿರಿ ಎಂದು ನಗುತ್ತ ಕೇಳಿದಳು. ಮಗನೂ ಮೊಬೈಲಿನಿಂದ ತಲೆ ಎತ್ತದೆ ಅದನ್ನೇ ಕೇಳಿದ. ಊಟಕ್ಕೆ ಬಡಿಸುತ್ತ ಹೆಂಡತಿಯೂ ಕೇಳಿದಳು. ಹೇಳಿದೆ. ಹೌದಾ ಎಂದರು ಎಲ್ಲರೂ. ಯಾಕೆ ಎಂದು ಯಾರೂ ಕೇಳಲಿಲ್ಲ.